ಈ ಪ್ರಾಣಿ ಯಾರ ಪೈಕಿ?

(ಕಲಬುರಗಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೂ ಊರಿನವರಿಗೂ ಸೇರಿ, ಟೆರೊಸಾರ್ ಎಂಬ ಅಳಿದುಹೋದ ಹಾರುವ ಸರೀಸೃಪಗಳ ಬಗ್ಗೆ ಮಾಡಿದ ಉಪನ್ಯಾಸ ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ, ವೇದಿಕೆಯ ಮೇಲೆ ಹೇಳಲು ಪುರುಸೊತ್ತಾಗದ ಒಂದೆರಡು ಮಾತು ಸೇರಿಸಿದ್ದೇನೆ. ಪ್ರಶ್ನೋತ್ತರವನ್ನೂ ಇಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಉಪನ್ಯಾಸಕ್ಕಿಂತ ಅದೇ ಚೆನ್ನಾಗಿತ್ತು.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಲ ಕಾಲ ಕೆಳಗೆ ನೋಡಿ. ಈ ಹಾಲ್‌ಗೆ ಹಾಸಿರುವುದು ಶಹಾಬಾದ ಫರಸಿ. ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲೂ ಇದೇ ಇರುತ್ತದೆ. ಸುಣ್ಣದ ಕಲ್ಲು ಇದು, ಪದರ ಪದರವಾಗಿ ಕೂತಿರುತ್ತದೆ, ಉಳಿ ಸರಿಯಾದ ಜಾಗಕ್ಕೆ ಬಿದ್ದರೆ ಪದರ ತಾನಾಗಿ ಬಿಟ್ಟುಕೊಂಡು ಬರುತ್ತದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆಯ ಹುಡುಗರಿಗೆ ಇದನ್ನ ನಾನು ಹೇಳಬೇಕಾಗಿಲ್ಲ, ಖಣಿಗಳ ಮಗ್ಗಲಲ್ಲೇ ಬೆಳೆದವರು ನೀವು.

ಜರ್ಮನಿಯ ಬವೇರಿಯಾದಲ್ಲಿ ಜೋಲ್ನ್‌ಹೋಫೆನ್ ಅಂತ ಒಂದು ಊರಿದೆ. ಅಲ್ಲಿಯ ಜನರದ್ದೂ ಇದೇ ಕಸುಬು. ಕಲ್ಲೂ ಸುಣ್ಣದ್ದೇ, ಪದರದ್ದೇ. ನೆಲಕ್ಕೆ ಹಾಸುತ್ತಾರೆ, ಹಳೆಯ ಮನೆಗಳ ಮಾಡಿಗೂ ಹೊದಿಸಿದ್ದಾರೆ. 1790ರ ದಶಕದ ಕೊನೆಗೆ ಅಲೋಯ್ಸ್ ಸೆನೆಫೆಲ್ಡರ್ ಕಲ್ಲಚ್ಚಿನ ಮುದ್ರಣ ಕಂಡುಹಿಡಿದ ಮೇಲಂತೂ ಆ ನುಣುಪು ಕಲ್ಲಿಗೆ ಯುರೋಪಿನ ತುಂಬ ಬೇಡಿಕೆ ಬಂತು. ನಮ್ಮ ಕಲ್ಲಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಅಂದರೆ ವಯಸ್ಸು. ನಮ್ಮದು ಬಹಳ ಹಳೆಯದು, ಎಲುಬಿರುವ ಪ್ರಾಣಿಗಳು ಭೂಮಿಯ ಮೇಲೆ ಹುಟ್ಟುವುದಕ್ಕೂ ಮೊದಲಿನದು. ಅವರದು ಸುಮಾರು 15 ಕೋಟಿ ವರ್ಷದ್ದು. ಆಗ ಅಲ್ಲಿ ಸಮುದ್ರದ ಅಂಚಿಗೆ ನಿಂತ ನೀರು ಇತ್ತು. ತಳದಲ್ಲಿ ಉಪ್ಪು ಜಾಸ್ತಿ, ಆಮ್ಲಜನಕ ಕಮ್ಮಿ, ಹೆಣ ಕಿತ್ತು ತಿನ್ನುವ ಜೀವಿಗಳೇ ಇರಲಿಲ್ಲ. ಸತ್ತು ಮುಳುಗಿದ್ದು ಹಾಗೇ ತಣ್ಣಗೆ ಕೆಸರಿನಲ್ಲಿ ಮಲಗಿತು, ಮೇಲೆ ಇನ್ನಷ್ಟು ಕೆಸರು ಬಿತ್ತು, ಎಲ್ಲ ಸೇರಿ ಕಲ್ಲಾಯಿತು.

ಇನ್ನೊಂದು ಕಾರಣವನ್ನ ಬಹಳ ಜನ ಹೇಳುವುದಿಲ್ಲ. ಅಲ್ಲಿ ಪಳೆಯುಳಿಕೆ ಇಷ್ಟೊಂದು ಸಿಕ್ಕಿದ್ದು ಅಲ್ಲಿ ಪ್ರಾಣಿಗಳು ಹೆಚ್ಚಾಗಿ ಸತ್ತಿದ್ದವು ಅಂತಲ್ಲ. ಪ್ರತಿ ಪದರವನ್ನೂ ಕೂಲಿಯವರು ಕೈಯಿಂದಲೇ ಬಿಡಿಸುತ್ತಿದ್ದರು, ಬಿಡಿಸಿದ ಎರಡೂ ಮೈಯನ್ನು ಕಣ್ಣಿಂದ ನೋಡುತ್ತಿದ್ದರು. ಈ ಕಥೆಯಲ್ಲಿ ಮುಂದೆ ದೊಡ್ಡ ದೊಡ್ಡ ಹೆಸರುಗಳು ಬರುತ್ತವೆ. ಆದರೆ ಮೊದಲು ಕಂಡವರು ಅವರು, ಅವರ ಹೆಸರು ಎಲ್ಲೂ ಇಲ್ಲ.

ಹೀಗೆ ಬಿಡಿಸಿದ ಒಂದು ಕಲ್ಲು 18ನೇ ಶತಮಾನದಲ್ಲಿ ಮನ್‌ಹೈಮ್ ಎಂಬ ಊರಿನ ಅರಮನೆಗೆ ಹೋಯಿತು. ಅಲ್ಲಿಯ ದೊರೆ ಕಾರ್ಲ್ ಥಿಯೋಡೋರ್‌ಗೆ ಅಪರೂಪದ ವಸ್ತು ಕೂಡಿಡುವ ಹುಚ್ಚು. ಆ ಸಂಗ್ರಹ ನೋಡಿಕೊಳ್ಳುತ್ತಿದ್ದವನು ಕೊಸಿಮೊ ಅಲೆಸ್ಸಾಂಡ್ರೊ ಕೊಲ್ಲಿನಿ, ಇಟಲಿಯವನು, ಅದಕ್ಕೂ ಮೊದಲು ಫ್ರಾನ್ಸಿನ ಲೇಖಕ ವೋಲ್ತೇರ್ ಹತ್ತಿರ ಕಾರ್ಯದರ್ಶಿಯಾಗಿದ್ದವನು. 1784ರಲ್ಲಿ ಅವನು ಈ ಕಲ್ಲಿನ ಬಗ್ಗೆ ಬರೆದ, ಜೊತೆಗೆ ಒಂದು ಚಿತ್ರ ಕೆತ್ತಿಸಿ ಅಚ್ಚು ಹಾಕಿಸಿದ.

ಆ ಚಿತ್ರವನ್ನ ನಾನು ಪರದೆಯ ಮೇಲೆ ತೋರಿಸಿದೆ. ಇಲ್ಲಿ ಮಾತಿನಲ್ಲಿ ಹೇಳುತ್ತೇನೆ. ಕತ್ತು ಹಿಂದಕ್ಕೆ ಬಾಗಿದೆ. ತಲೆ ಸಣ್ಣದಲ್ಲ, ಮೂತಿ ಉದ್ದ, ಅದರ ತುಂಬ ಚೂಪಾದ ಚಿಕ್ಕ ಹಲ್ಲು. ಮೈ ಪುಟ್ಟದು, ಬಾಲ ಇದ್ದೂ ಇಲ್ಲದ ಹಾಗೆ ಮೊಟಕು. ಹಿಂಗಾಲು ಸಪೂರ. ಇಲ್ಲಿಯ ತನಕ ಯಾವುದೋ ಪ್ರಾಣಿ ಅಂತ ಬಿಟ್ಟುಬಿಡಬಹುದು. ಕೈಗೆ ಬಂದರೆ ಮಾತ್ರ ತಲೆ ಕೆಡುತ್ತದೆ. ಮೂರು ಬೆರಳು ಚಿಕ್ಕವು, ತುದಿಗೆ ಉಗುರಿದೆ. ಅವುಗಳ ಪಕ್ಕದಲ್ಲೇ ನಾಲ್ಕನೆಯದೊಂದು ಇದೆ, ಇಡೀ ಮೈಗಿಂತ ಉದ್ದ, ಉದ್ದುದ್ದ ಎಲುಬಿನದು, ಮಡಿಚಿಕೊಂಡಿದೆ. ಅದಕ್ಕೆ ಉಗುರಿಲ್ಲ.

ಕೊಲ್ಲಿನಿ ಇದನ್ನ ಹಕ್ಕಿ ಅಲ್ಲ ಅಂದ. ಬಾವಲಿಯೂ ಅಲ್ಲ ಅಂದ. ಹಾಗಾದರೆ ಏನು? ಅದೇ ಕಲ್ಲಿನಲ್ಲಿ ಸಮುದ್ರದ ಜೀವಿಗಳು ಸಿಗುತ್ತವೆ, ಸಮುದ್ರದ ಆಳದಲ್ಲಿ ನಾವು ನೋಡದ ಪ್ರಾಣಿಗಳು ಎಷ್ಟೋ ಇರಬಹುದು, ಇದೂ ಅಂಥದ್ದೇ ಒಂದು ಇರಬಹುದು ಅಂತ ಬರೆದ. ಜನಪ್ರಿಯ ಬರಹಗಳಲ್ಲಿ ಈ ಜಾಗಕ್ಕೆ ಬಂದ ತಕ್ಷಣ ಎಲ್ಲರೂ ಕೊಲ್ಲಿನಿಯನ್ನ ನೋಡಿ ನಗುತ್ತಾರೆ, ಪಾಪ ಹಾರುವ ಪ್ರಾಣಿಯನ್ನ ಈಜುವ ಪ್ರಾಣಿ ಅಂದುಬಿಟ್ಟ ಅಂತ. ನನಗೆ ಆ ನಗು ಸೇರುವುದಿಲ್ಲ. 1784ರಲ್ಲಿ ಕುಳಿತು ಯೋಚನೆ ಮಾಡಿ. ಒಂದು ಇಡೀ ಪ್ರಾಣಿವರ್ಗ ಭೂಮಿಯಿಂದ ಅಳಿದುಹೋಗಬಹುದು ಎಂಬ ಮಾತನ್ನೇ ಆಗಿನ್ನೂ ಬಹಳ ಜನ ಒಪ್ಪಿರಲಿಲ್ಲ. ಕಾಣದ ಪ್ರಾಣಿ ಅಂದರೆ ಎಲ್ಲೋ ಬದುಕಿದೆ ಅಂತಲೇ ಅರ್ಥ. ಎಲ್ಲಿ ಬದುಕಿದೆ? ನಾವು ಇಣುಕದ ಜಾಗದಲ್ಲಿ. ಅದು ಸಮುದ್ರದ ತಳ ಅಲ್ಲದೆ ಇನ್ನೆಲ್ಲಿ? ಅದಕ್ಕಿಂತ ದೊಡ್ಡದು ಏನೆಂದರೆ ಅವನು ಚಿತ್ರದಲ್ಲಿ ಮೋಸ ಮಾಡಲಿಲ್ಲ. ತನಗೆ ಅರ್ಥವಾಗದ್ದನ್ನೂ ಇದ್ದ ಹಾಗೇ ಬರೆಸಿದ. ಮುಂದೆ ನೋಡಿ, ಇಡೀ ಕಥೆ ಆ ಚಿತ್ರದ ಮೇಲೆ ನಡೆಯುತ್ತದೆ.

1800ರಲ್ಲಿ ಸ್ಟ್ರಾಸ್‌ಬರ್ಗಿನ ಪ್ರಾಧ್ಯಾಪಕ ಯೋಹಾನ್ ಹರ್ಮನ್ ಪ್ಯಾರಿಸಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕುವಿಯೆಗೆ ಒಂದು ಪತ್ರ ಬರೆದ. ಫ್ರೆಂಚ್ ಸೈನ್ಯ ಗೆದ್ದ ಊರುಗಳ ಸಂಗ್ರಹಗಳನ್ನೆಲ್ಲ ಪ್ಯಾರಿಸಿಗೆ ಸಾಗಿಸುತ್ತಿದ್ದ ಕಾಲ ಅದು, ಈ ಕಲ್ಲೂ ಅಲ್ಲಿಗೆ ಹೋಗಿರಬಹುದು ಅಂತ ಅವನ ಊಹೆ. ಹರ್ಮನ್ ಕಲ್ಲನ್ನು ನೋಡಿರಲಿಲ್ಲ, ಕೊಲ್ಲಿನಿಯ ಚಿತ್ರ ನೋಡಿದ್ದ. ಆ ಉದ್ದ ಬೆರಳಿಗೆ ತೊಗಲಿನ ರೆಕ್ಕೆ ಅಂಟಿಕೊಂಡಿತ್ತು, ಇದು ಹಾರುತ್ತಿತ್ತು ಅಂತ ಮೊದಲು ಹೇಳಿದವನು ಅವನೇ. ತಾನೇ ಒಂದು ಚಿತ್ರವನ್ನೂ ಬರೆದು ಕಳಿಸಿದ, ಮೈತುಂಬ ಕೂದಲು ಹಾಕಿ. ಅವನ ಪ್ರಕಾರ ಇದು ಸಸ್ತನಿ, ಬಾವಲಿಗೂ ಹಕ್ಕಿಗೂ ನಡುವಿನದು. ಅದೇ ವರ್ಷ ತೀರಿಕೊಂಡ. ಕೂದಲಿನ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕುವಿಯೆ ಕೂಡ ಆಗ ಕಲ್ಲನ್ನು ಕಂಡಿರಲಿಲ್ಲ. ಅವನ ಕೈಯಲ್ಲಿದ್ದದ್ದೂ ಅದೇ ಚಿತ್ರ. ಅದನ್ನ ಮುಂದಿಟ್ಟುಕೊಂಡು 1801ರಲ್ಲಿ ಇದು ಸರೀಸೃಪ, ಹಾರುವ ಸರೀಸೃಪ ಅಂತ ಬರೆದ. 1809ರಲ್ಲಿ ಹೆಸರೂ ಇಟ್ಟ, ಅದೇ ಇವತ್ತಿನ ಟೆರೊಡ್ಯಾಕ್ಟಿಲಸ್.

ಹೇಗೆ ಹೇಳಿದ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸಭೆಯಲ್ಲಿ ಎಲ್ಲರಿಗೂ ಕೈ ಮುಂದೆ ಹಿಡಿಯಲು ಹೇಳಿದ್ದೆ, ಓದುವವರೂ ಹಿಡಿಯಿರಿ. ಹೆಬ್ಬೆರಳಲ್ಲಿ ಎಷ್ಟು ಎಲುಬು? ಎರಡು. ಉಳಿದ ನಾಲ್ಕರಲ್ಲಿ ಮೂರು ಮೂರು. ಇದು ನಮ್ಮ ಲೆಕ್ಕ, ಸಸ್ತನಿಗಳಲ್ಲಿ ಬಹುಪಾಲಿನದೂ ಇದೇ. ಈಗ ಹಲ್ಲಿಯ ಮುಂಗಾಲು ನೋಡಿದರೆ ಎರಡು, ಮೂರು, ನಾಲ್ಕು, ಐದು, ಕೊನೆಯದು ಮೂರು. ಬೆರಳಿಂದ ಬೆರಳಿಗೆ ಒಂದೊಂದು ಏರುತ್ತ ಹೋಗುತ್ತದೆ. ಈ ಕಲ್ಲಿನ ಪ್ರಾಣಿಗೆ ಎರಡು, ಮೂರು, ನಾಲ್ಕು, ಆಮೇಲೆ ಆ ದೊಡ್ಡ ಬೆರಳಲ್ಲಿ ನಾಲ್ಕು ಉದ್ದ ಎಲುಬು. ಐದನೆಯ ಬೆರಳೇ ಇಲ್ಲ. ಮೊದಲ ಮೂರು ಬೆರಳು ಹಲ್ಲಿಯ ಲೆಕ್ಕಕ್ಕೆ ತಪ್ಪದೆ ಕೂಡುತ್ತವೆ, ಬಾವಲಿಯ ಲೆಕ್ಕಕ್ಕೆ ಕೂಡುವುದಿಲ್ಲ. ಇನ್ನು ಹಲ್ಲು. ನಮ್ಮ ಬಾಯಲ್ಲಿ ಕಡಿಯುವ ಹಲ್ಲು ಬೇರೆ, ಅರೆಯುವ ದವಡೆ ಹಲ್ಲು ಬೇರೆ. ಇದರ ಬಾಯಲ್ಲಿ ಎಲ್ಲವೂ ಒಂದೇ ನಮೂನೆಯ ಸಾದಾ ಮೊನೆ. ಮೂರನೆಯದು ದವಡೆಯ ಕೀಲು. ಹಲ್ಲಿ, ಮೊಸಳೆ, ಹಕ್ಕಿಗಳಲ್ಲಿ ಕೆಳದವಡೆ ತಲೆಬುರುಡೆಗೆ ಕೂಡುವ ಜಾಗದಲ್ಲಿ ಒಂದು ಪ್ರತ್ಯೇಕ ಎಲುಬಿರುತ್ತದೆ. ಸಸ್ತನಿಗಳಲ್ಲಿ ಆ ಎಲುಬು ದವಡೆ ಬಿಟ್ಟು ಕಿವಿಯೊಳಗೆ ಸೇರಿಕೊಂಡಿದೆ. ಚಿತ್ರದಲ್ಲಿ ಅದು ದವಡೆಯ ಜಾಗದಲ್ಲೇ ಇದೆ. ಮುಗಿಯಿತು.

ಬಾವಲಿಯ ರೆಕ್ಕೆಗೂ ಇದಕ್ಕೂ ಇರುವ ಫರಕು ಕೂಡ ಕೈ ನೋಡಿಯೇ ಹೇಳಬಹುದು. ಬಾವಲಿ ಹೆಬ್ಬೆರಳೊಂದನ್ನು ಬಿಟ್ಟು ನಾಲ್ಕೂ ಬೆರಳನ್ನ ಉದ್ದ ಮಾಡಿಕೊಂಡು ನಡುವೆ ತೊಗಲು ಹಾಸಿದೆ. ಹಕ್ಕಿ ಬೆರಳುಗಳನ್ನ ಕೂಡಿಸಿ ಕಿರಿದು ಮಾಡಿಕೊಂಡು ಗರಿಯ ಮೇಲೆ ಭಾರ ಹಾಕಿದೆ. ಈ ಪ್ರಾಣಿ ಮಾತ್ರ ಒಂದೇ ಬೆರಳಿಗೆ, ನಿಮ್ಮ ಕೈಯಲ್ಲಿ ಉಂಗುರ ಹಾಕುತ್ತೀರಲ್ಲ ಆ ಬೆರಳಿಗೆ, ಇಡೀ ರೆಕ್ಕೆಯನ್ನ ಹೊರಿಸಿದೆ. ಹಾರುವ ಕೆಲಸ ಮೂವರದ್ದೂ ಒಂದೇ, ಕೈ ಮಾತ್ರ ಮೂರು ತರ.

ಇಷ್ಟು ಹೊತ್ತಿಗೆ ವಿಷಯ ಇತ್ಯರ್ಥ ಆಗಬೇಕಿತ್ತು ಅಲ್ವಾ? ಆಗಲಿಲ್ಲ. 1807ರಲ್ಲಿ ಜರ್ಮನಿಯ ಪ್ರಕೃತಿ ವಿಜ್ಞಾನಿ ಬ್ಲೂಮೆನ್‌ಬಾಖ್ ಇದು ನೀರಿನ ಹಕ್ಕಿ ಅಂದ. ಅಷ್ಟರಲ್ಲಿ ಕಲ್ಲೇ ಕಳೆದುಹೋಗಿತ್ತು! ಮನ್‌ಹೈಮಿನ ಸಂಗ್ರಹ ಮ್ಯೂನಿಕ್‌ಗೆ ಹೋಗಿತ್ತು, ಕುವಿಯೆ ವಿಚಾರಿಸಿದರೆ ಸಿಗುತ್ತಿಲ್ಲ ಅಂತ ಉತ್ತರ ಬಂತು. ಅದು ಇದ್ದದ್ದು ಮ್ಯೂನಿಕ್‌ನಲ್ಲೇ. 1810ರಲ್ಲಿ ಅಲ್ಲಿಯ ವೈದ್ಯ, ಅಂಗರಚನೆ ಬಲ್ಲ ಜೊಮ್ಮರಿಂಗ್ ಅದನ್ನ ಪತ್ತೆ ಮಾಡಿದ. ಕೈಗೆತ್ತಿಕೊಂಡು ನೋಡಿದ, ಉಪನ್ಯಾಸ ಕೊಟ್ಟ, 1812ರಲ್ಲಿ ಅಚ್ಚು ಮಾಡಿಸಿದ. ತೀರ್ಪು: ಇದು ಬಾವಲಿಯ ಪೈಕಿ, ಸಸ್ತನಿಗೂ ಹಕ್ಕಿಗೂ ನಡುವಿನ ಕೊಂಡಿ.

ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಜಾಗ ಇದೇ. ಕಲ್ಲು ಎದುರಿಗೆ ಇದ್ದವನು ತಪ್ಪಿದ, ಚಿತ್ರ ಮಾತ್ರ ನೋಡಿದವನು ಸರಿಯಾದ. ಜೊಮ್ಮರಿಂಗ್ ದಡ್ಡ ಏನಲ್ಲ, ಮನುಷ್ಯನ ಮಿದುಳಿನ ನರಗಳನ್ನ 12 ಜೋಡಿ ಅಂತ ಎಣಿಸಿ ಹೇಳಿದವನು ಅವನೇ, ಇವತ್ತಿಗೂ ಮೆಡಿಕಲ್ ಹುಡುಗರು ಅದನ್ನೇ ಬಾಯಿಪಾಠ ಮಾಡುತ್ತಾರೆ. ಆದರೆ ಅವನು ಇದು ಯಾವುದರ ಹಾಗೆ ಕಾಣುತ್ತದೆ ಅಂತ ಕೇಳಿಕೊಂಡ. ತೊಗಲಿನ ರೆಕ್ಕೆ ಇರುವುದು ಬಾವಲಿಗೆ, ಹಾಗಾಗಿ ಬಾವಲಿ. ಕುವಿಯೆ ಹೋಲಿಕೆಯ ಗೊಡವೆಗೆ ಹೋಗಲಿಲ್ಲ, ಎಲುಬು ಎಣಿಸಿದ. ಮತ್ತೆ, ಎಣಿಸುವುದಕ್ಕೆ ಆದದ್ದು ಯಾಕೆ? ಕೊಲ್ಲಿನಿ ಅಷ್ಟು ನಿಯತ್ತಿನಿಂದ ಬರೆಸಿದ್ದ. ತನಗೆ ಬೇಕಾದ ಹಾಗೆ ಒಂದು ಎಲುಬು ಕಮ್ಮಿ ಜಾಸ್ತಿ ಮಾಡಿದ್ದರೂ ಪ್ಯಾರಿಸಿನಲ್ಲಿ ಕೂತವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಲ್ಲ ಪುಸ್ತಕಗಳೂ ಕುವಿಯೆಗೆ ಶಾಲು ಹೊದಿಸುತ್ತವೆ. ನಾನಾದರೆ ಅರ್ಧ ಶಾಲು ಕೊಲ್ಲಿನಿಗೆ ಕೊಡುತ್ತೇನೆ.

ಆಮೇಲೆ ಬಂದವರದ್ದು ಬೇಗ ಹೇಳಿ ಮುಗಿಸುತ್ತೇನೆ. 1830ರಲ್ಲಿ ವಾಗ್ಲರ್ ಎಂಬವನು ಇದು ಹಾರುತ್ತಲೇ ಇರಲಿಲ್ಲ, ಆ ಉದ್ದ ಕೈಯಿಂದ ನೀರಲ್ಲಿ ಹುಟ್ಟು ಹಾಕುತ್ತಿತ್ತು ಅಂದ. ಅಷ್ಟಕ್ಕೇ ನಿಲ್ಲದೆ ಇದನ್ನೂ ಸಮುದ್ರದ ಹಳೆಯ ಸರೀಸೃಪಗಳಾದ ಇಕ್ತಿಯೋಸಾರ್, ಪ್ಲೀಸಿಯೋಸಾರ್‌ಗಳನ್ನೂ ಆಸ್ಟ್ರೇಲಿಯಾದ ಪ್ಲಾಟಿಪಸ್‌ನ್ನೂ ಒಂದೇ ಗುಂಪಿಗೆ ಕಟ್ಟಿಹಾಕಿದ. 1843ರಲ್ಲಿ ಇಂಗ್ಲೆಂಡಿನ ನ್ಯೂಮನ್ ಇದು ಹೊಟ್ಟೆಚೀಲದ ಬಾವಲಿ, ಕಾಂಗರೂ ಪೈಕಿ ಅಂತ ಹೇಳಿ ಕೂದಲು ಕಿವಿ ಎಲ್ಲ ಇಟ್ಟು ಚಿತ್ರ ಬರೆದ. ಆ ಹೊತ್ತಿಗೆ ಕುವಿಯೆ ಹೇಳಿ 40 ವರ್ಷ ಆಗಿತ್ತು! 1834ರಲ್ಲೇ ಕೌಪ್ ಎಂಬವನು ಹಾರುವ ಸರೀಸೃಪಗಳ ಈ ಗುಂಪಿಗೆ ಟೆರೊಸಾರ್ ಅಂತ ಹೆಸರೂ ಕೊಟ್ಟಿದ್ದ. ಸರಿ ಉತ್ತರ ಬಂದ ಮೇಲೆ ತಪ್ಪು ಉತ್ತರ ನಿಲ್ಲುತ್ತದೆ ಅಂದುಕೊಳ್ಳುತ್ತೇವೆ, ಹಾಗೇನೂ ಇಲ್ಲ.

ನಡುವೆ ಹೊಸ ಎಲುಬುಗಳು ಬರುತ್ತಿದ್ದವು. 1828ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲ ದಂಡೆಯಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ಮೇರಿ ಆ್ಯನಿಂಗ್‌ಗೆ ಒಂದು ಸಿಕ್ಕಿತು, ಜರ್ಮನಿಯ ಹೊರಗೆ ಸಿಕ್ಕ ಮೊದಲ ಟೆರೊಸಾರ್ ಅಸ್ಥಿಪಂಜರ ಅದು. ಭೂವಿಜ್ಞಾನಿ ಬಕ್‌ಲ್ಯಾಂಡ್ ಅದನ್ನ 1829ರಲ್ಲಿ ಟೆರೊಡ್ಯಾಕ್ಟಿಲಸ್ ಅಂತಲೇ ಬರೆದುಕೊಂಡ. 30 ವರ್ಷದ ಮೇಲೆ ಇಂಗ್ಲೆಂಡಿನ ಅಂಗರಚನೆ ತಜ್ಞ ರಿಚರ್ಡ್ ಓವೆನ್ ಇದರ ತಲೆ ಬೇರೆ, ಹಲ್ಲು ಎರಡು ತರ ಇದೆ ಅಂತ ಡೈಮಾರ್ಫೊಡಾನ್ ಅಂತ ಪ್ರತ್ಯೇಕ ಮಾಡಿದ. ಅಮೆರಿಕದ ಕ್ಯಾನ್ಸಸ್‌ನಲ್ಲಿ 1870ರಲ್ಲಿ ಪಳೆಯುಳಿಕೆ ಸಂಶೋಧಕ ಮಾರ್ಷ್ ತಂಡಕ್ಕೆ ಬಹಳ ದೊಡ್ಡ ರೆಕ್ಕೆ ಎಲುಬು ಸಿಕ್ಕವು. ಅವನೂ ಮೊದಲು ಟೆರೊಡ್ಯಾಕ್ಟಿಲಸ್ ಅಂದ. 1876ರಲ್ಲಿ ತಲೆಬುರುಡೆ ಸಿಕ್ಕಿತು, ನೋಡಿದರೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಆಗ ಟೆರನೊಡಾನ್ ಎಂಬ ಹೊಸ ಹೆಸರು ಹುಟ್ಟಿತು. ಅಂದರೆ ಹಾರುವ ಸರೀಸೃಪ ಏನೇ ಸಿಗಲಿ, ಮೊದಲು ಆ ಹಳೆಯ ಹೆಸರಿನ ಗೋಣಿಚೀಲಕ್ಕೆ ಹಾಕುವುದು, ಆಮೇಲೆ ಒಂದೊಂದಾಗಿ ಹೊರಗೆ ತೆಗೆಯುವುದು. 19ನೇ ಶತಮಾನ ಪೂರ್ತಿ ಇದೇ ನಡೆಯಿತು.

ಸರೀಸೃಪ ಅಂತ ಒಪ್ಪಿದ ಮೇಲೂ ಜಗಳ ಬಿಡಲಿಲ್ಲ. ಓವೆನ್ ಪ್ರಕಾರ ಇವು ತಣ್ಣನೆ ರಕ್ತದ, ಮಂದಗತಿಯ ಪ್ರಾಣಿಗಳು. ಇಂಗ್ಲೆಂಡಿನ ಇನ್ನೊಬ್ಬ ಸಂಶೋಧಕ ಹ್ಯಾರಿ ಸೀಲಿ ಒಪ್ಪಲಿಲ್ಲ. ಎಲುಬು ಪೊಳ್ಳು, ಒಳಗೆ ಗಾಳಿ ಓಡಾಡಿದ ಗುರುತಿದೆ, ಮಿದುಳಿನ ಆಕಾರ ಹಕ್ಕಿಗೆ ಹತ್ತಿರ, ಇವಕ್ಕೆ ಬಿಸಿ ರಕ್ತವೇ ಇರಬೇಕು, ಹಕ್ಕಿಗೆ ಹತ್ತಿರದ ನೆಂಟರು ಇವು ಅಂದ. ಓವೆನ್ ಆಗಿನ ಕಾಲಕ್ಕೆ ಬಹಳ ದೊಡ್ಡ ಮನುಷ್ಯ. ಅವನ ಮಾತೇ ನಿಂತಿತು. 1971ರಲ್ಲಿ ರಷ್ಯಾದ ಸಂಶೋಧಕ ಶಾರೊವ್ ಕಜಾಕಿಸ್ತಾನದಲ್ಲಿ ಸಿಕ್ಕ ಒಂದು ಪುಟ್ಟ ಟೆರೊಸಾರ್ ಬಗ್ಗೆ ಬರೆದ. ಅದರ ಮೈಮೇಲೆ ಎಳೆ ಎಳೆಯಾಗಿ ತುಪ್ಪಳ ಕಲ್ಲಿನಲ್ಲಿ ಉಳಿದಿತ್ತು. ಸಸ್ತನಿಗಳ ಕೂದಲು ಅದಲ್ಲ, ಆದರೆ ಮೈ ಬೆಚ್ಚಗಿಡುವ ಹೊದಿಕೆ ಹೌದು. ಹರ್ಮನ್ 1800ರಲ್ಲಿ ಬರೆದ ಚಿತ್ರದಲ್ಲಿ ಪ್ರಾಣಿಯ ಜಾತಿ ತಪ್ಪಿತ್ತು, ತುಪ್ಪಳ ಮಾತ್ರ ಸರಿಯಾಗಿತ್ತು.

ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. 1857ರಲ್ಲಿ ಜರ್ಮನಿಯ ಹರ್ಮನ್ ಫಾನ್ ಮಾಯರ್ ಒಂದು ಅರೆಬರೆ ಪಳೆಯುಳಿಕೆ ನೋಡಿ ಇದೂ ಟೆರೊಡ್ಯಾಕ್ಟಿಲಸ್‌ನ ಒಂದು ಜಾತಿ ಅಂತ ಚೀಟಿ ಹಚ್ಚಿದ. ಅದು ಹಾಲೆಂಡಿನ ಹಾರ್ಲೆಮ್ ಊರಿನ ಟೈಲರ್ ಮ್ಯೂಸಿಯಂಗೆ ಸೇರಿತ್ತು. 1861ರಲ್ಲಿ ಅದೇ ಮಾಯರ್ ಜೋಲ್ನ್‌ಹೋಫೆನ್ ಕಲ್ಲಿನ ಒಂದು ಗರಿ ನೋಡಿ ಆರ್ಕಿಯೋಪ್ಟೆರಿಕ್ಸ್ ಅಂತ ಹೆಸರಿಟ್ಟ, ಲೋಕಕ್ಕೆಲ್ಲ ಗೊತ್ತಾದ ಆದಿಹಕ್ಕಿ ಅದು. ಹಾರ್ಲೆಮ್ ಕಲ್ಲು ಮಾತ್ರ ಟೆರೊಡ್ಯಾಕ್ಟಿಲಸ್ ಚೀಟಿ ಹಚ್ಚಿಕೊಂಡು 100 ವರ್ಷಕ್ಕೂ ಮಿಕ್ಕಿ ಕೂತಿತ್ತು. 1970ರಲ್ಲಿ ಅಮೆರಿಕದ ಜಾನ್ ಆಸ್ಟ್ರಮ್ ಟೆರೊಸಾರ್ ನೋಡಲಿಕ್ಕೆ ಅಂತ ಅಲ್ಲಿಗೆ ಹೋಗಿ, ಕಲ್ಲನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಅಸ್ಪಷ್ಟವಾಗಿ ಗರಿಯ ಗುರುತು. ಇದು ಆರ್ಕಿಯೋಪ್ಟೆರಿಕ್ಸ್! ಕಥೆ ಅಲ್ಲಿಗೂ ಮುಗಿಯಲಿಲ್ಲ. 2017ರಲ್ಲಿ ಇಬ್ಬರು ಜರ್ಮನ್ ಸಂಶೋಧಕರು ಮತ್ತೆ ಅಳೆದು, ಇದು ಆರ್ಕಿಯೋಪ್ಟೆರಿಕ್ಸ್ ಕೂಡ ಅಲ್ಲ, ಹಕ್ಕಿಯ ಹಾಗಿನ ಇನ್ನೊಂದು ಗರಿಯ ಡೈನೋಸಾರ್ ಅಂದರು, ಆಸ್ಟ್ರಮ್ ಹೆಸರಲ್ಲೇ ಆಸ್ಟ್ರೋಮಿಯಾ ಅಂತ ಕರೆದರು. ಒಂದೇ ಕಲ್ಲಿಗೆ ಮೂರು ಮನೆ ಬದಲಾದವು.

ಹಾಗಾದರೆ ಟೆರೊಸಾರ್ ಯಾರ ಪೈಕಿ? ನಮ್ಮ ಕಡೆ ಮದುವೆ ಮನೆಯಲ್ಲಿ ಗುರುತಿಲ್ಲದ ಹುಡುಗ ಕಂಡರೆ ಹಿರಿಯರು ಅವನ ಅಂಗಿ ಬಣ್ಣ ಕೇಳುವುದಿಲ್ಲ, 'ಯಾರ ಮಗನಪಾ ನೀ?' ಅಂತ ಕೇಳುತ್ತಾರೆ. ಅಪ್ಪನ ಹೆಸರು ಹೇಳಿದರೆ ಅಜ್ಜ, ಊರು, ಸೋದರಮಾವ ಎಲ್ಲ ಹೊರಗೆ ಬರುತ್ತಾರೆ. ಈಗಿನ ವರ್ಗೀಕರಣವೂ ಅಷ್ಟೇ, ಹೋಲಿಕೆ ಕೇಳುವುದಿಲ್ಲ, ವಂಶ ಕೇಳುತ್ತದೆ. ಟೆರೊಸಾರ್‌ಗಳು ಡೈನೋಸಾರ್‌ಗಳಲ್ಲ, ಅವುಗಳ ದಾಯಾದಿಗಳು. ಎರಡೂ ಒಂದೇ ಮನೆಯಿಂದ ಒಡೆದ ಕವಲು. ತೊಂದರೆ ಏನಾಗಿತ್ತೆಂದರೆ ಅತಿ ಹಳೆಯ ಟೆರೊಸಾರ್ ಕೂಡ, ಸುಮಾರು 22 ಕೋಟಿ ವರ್ಷದ್ದು, ಸಿಕ್ಕಾಗಲೇ ಪೂರ್ತಿ ರೆಕ್ಕೆ ಕಟ್ಟಿಕೊಂಡು ಸಿಕ್ಕಿತು. ಅದಕ್ಕೂ ಹಿಂದಿನವರು ಯಾರು ಅಂತ ಹೇಳುವ ಎಲುಬೇ ಇರಲಿಲ್ಲ. 2020ರಲ್ಲಿ ಅರ್ಜೆಂಟೀನಾದ ಮಾರ್ಟಿನ್ ಎಜ್ಕುರಾ ಮತ್ತು ಸಂಗಡಿಗರು ಲಾಗರ್‌ಪೆಟಿಡ್ ಎಂಬ ಪುಟ್ಟ ಪ್ರಾಣಿಗಳನ್ನ ಮುಂದಿಟ್ಟರು. ಇವಕ್ಕೆ ರೆಕ್ಕೆ ಇಲ್ಲ, ನೆಲದ ಮೇಲಿನವು. ಅಲ್ಲಿಯವರೆಗೆ ಡೈನೋಸಾರ್‌ಗಳ ಹತ್ತಿರದ ನೆಂಟರು ಅಂತ ಎಣಿಸಿದ್ದವು. ತಲೆಬುರುಡೆಯನ್ನ ಸಿಟಿ ಸ್ಕ್ಯಾನ್ ಮಾಡಿ ಒಳಕಿವಿಯ ಆಕಾರ ನೋಡಿದರೆ ಟೆರೊಸಾರ್‌ದಕ್ಕೆ ಹೊಂದುತ್ತದೆ. ಆ ಮನೆಯಿಂದ ಎಬ್ಬಿಸಿ ಈ ಮನೆಗೆ ಕೂರಿಸಿದರು. ನನಗೆ ಈ ವಾದ ಗಟ್ಟಿಯಾಗಿದೆ ಅನಿಸುತ್ತದೆ, ಯಾಕಂದ್ರೆ ಹೋಲಿಕೆ ಒಂದೇ ಕಡೆ ಇಲ್ಲ, ಕಿವಿ, ಮಿದುಳು, ದವಡೆ, ಕೈ, ಸೊಂಟ ಹೀಗೆ ಹಲವು ಕಡೆ ಇದೆ.

ಮನೆಯೊಳಗಿನ ಲೆಕ್ಕವೂ ಆಗಾಗ ಬದಲಾಗುತ್ತದೆ. ಜೊಮ್ಮರಿಂಗ್ 1817ರಲ್ಲಿ ಗಿಡ್ಡ ಮೂತಿಯ ಒಂದು ಪುಟಾಣಿ ಟೆರೊಸಾರ್‌ಗೆ ಬೇರೆ ಹೆಸರಿಟ್ಟ. ಅದು ಮರಿ ಅಷ್ಟೇ. ರ‍್ಯಾಂಫೊರಿಂಕಸ್ ಅಂತ ಇನ್ನೊಂದು ಇದೆ, ಉದ್ದ ಬಾಲದ್ದು, ಅದೂ ಜೋಲ್ನ್‌ಹೋಫೆನ್ ಕಲ್ಲಿನದ್ದೇ. ಅದರಲ್ಲಿ ಐದು ಜಾತಿ ಅಂತ ಎಣಿಸಿದ್ದರು. 1995ರಲ್ಲಿ ಕ್ರಿಸ್ಟೋಫರ್ ಬೆನೆಟ್ ಎಲ್ಲವನ್ನೂ ಸಾಲಾಗಿ ಅಳೆದು, ಇವು ಐದು ಜಾತಿ ಅಲ್ಲ, ಒಂದೇ ಜಾತಿಯ ಮರಿ, ಹರೆಯ, ದೊಡ್ಡವು ಅಂದ. ಟೆರೊಡ್ಯಾಕ್ಟಿಲಸ್ ಗೋಣಿಚೀಲವನ್ನೂ ಹೀಗೇ ಝಾಡಿಸಿದ್ದಾರೆ. ಬಹಳಷ್ಟು ಹೊರಗೆ ಬಿದ್ದಿವೆ, ಒಳಗೆ ಉಳಿದದ್ದರ ಬಗ್ಗೆ ಈಗಲೂ ಎಳೆದಾಟ ಇದೆ. ಆ ಮೊದಲ ಕಲ್ಲು ಮಾತ್ರ ಮ್ಯೂನಿಕ್‌ನಲ್ಲೇ ಇದೆ, ಹೆಸರಿನ ಯಜಮಾನ ಅದೇ.

ಈಗ ನಮ್ಮ ಮಗ್ಗಲಿನ ಸುದ್ದಿ. ಬೀದರಿನ ಮಾಂಜ್ರಾ ಗೋದಾವರಿಗೆ ಸೇರುತ್ತದೆ, ಗೋದಾವರಿಯ ಜೊತೆ ಕೆಳಗೆ ಹೋದರೆ ಕಾಳೇಶ್ವರದ ಹತ್ತಿರ ಪ್ರಾಣಹಿತಾ ಬಂದು ಕೂಡುತ್ತದೆ. ಆ ಕಣಿವೆಯಲ್ಲಿ ಕೋಟಾ ಅಂತ ಕರೆಯುವ ಜುರಾಸಿಕ್ ಕಾಲದ ಕಲ್ಲಿನ ಪದರಗಳಿವೆ. 1974ರಲ್ಲಿ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಸೋಹನ್ ಲಾಲ್ ಜೈನ್ ಆ ಕಲ್ಲಿನ ಒಂದು ದವಡೆಯ ತುಣುಕು ನೋಡಿ ಇದು ಟೆರೊಸಾರ್ ಅಂದರು. ಜರ್ಮನಿಯಲ್ಲಿ ಸಿಕ್ಕ ಕ್ಯಾಂಪಿಲೊಗ್ನಾಥಾಯ್ಡಿಸ್ ಎಂಬ ಟೆರೊಸಾರ್ ಪೈಕಿ, ಭಾರತದ ಜಾತಿ ಅಂತ 'ಇಂಡಿಕಸ್' ಸೇರಿಸಿದರು. ಖುಷಿಯ ಸುದ್ದಿಯೇ. ಆದರೆ ಇದ್ದದ್ದು ಮೂತಿಯ ಒಂದು ತುಂಡು, ಒಂದಷ್ಟು ಹಲ್ಲು. ರೆಕ್ಕೆ ಇಲ್ಲ, ಆ ಉದ್ದ ಬೆರಳಿಲ್ಲ. 2008ರಲ್ಲಿ ಕೆವಿನ್ ಪಾಡಿಯನ್ ಅದನ್ನ ಮತ್ತೆ ಪರಿಶೀಲಿಸಿ, ಇದು ಟೆರೊಸಾರ್ ಅನ್ನಲು ಆಧಾರ ಸಾಲದು, ಮೀನು ಇರುವ ಸಂಭವವೇ ಜಾಸ್ತಿ ಅಂದರು. ಅದೇ ಕೋಟಾ ಕಲ್ಲಲ್ಲಿ ಮೀನಿನ ಪಳೆಯುಳಿಕೆ ಧಾರಾಳವಾಗಿ ಸಿಗುತ್ತದೆ ಅನ್ನುವುದನ್ನೂ ನೆನಪಿಡಬೇಕು. ನಮ್ಮ ದೇಶದ ಟೆರೊಸಾರ್ ಕೈತಪ್ಪಿತಲ್ಲ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಮಾಡಿಕೊಳ್ಳುವುದಿಲ್ಲ. ದವಡೆ ತುಣುಕಿನ ಮೇಲೆ ಹೆಮ್ಮೆ ಪಡುವುದಕ್ಕಿಂತ ಒಂದು ಬೆರಳಿನ ಎಲುಬು ಸಿಗುವ ತನಕ ಹುಡುಕುವುದು ಒಳ್ಳೆಯದು.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನ ಒಬ್ಬ ಹಿರಿಯರು ಮೊದಲು ಕೈ ಎತ್ತಿದರು: 'ಹಂಗಾದ್ರ ನಮ್ಮ ಕಡಿ ಇಂಥವು ಯಾಕ ಸಿಗಂಗಿಲ್ರೀ ಸರ್? ಕಲ್ಲಿಗೇನ್ ಕಡಿಮಿ ಅದ?' ಕಾಕಾ, ಕಲ್ಲಿಗೆ ಕಡಿಮೆ ಇಲ್ಲ, ಆ ಕಾಲದ ಕಲ್ಲಿಗೆ ಕಡಿಮೆ. ಯಾದಗಿರಿ ಕೋಟೆಯ ಬೆಟ್ಟದ ಕಲ್ಲು ಶಹಾಬಾದ ಫರಸಿಗಿಂತಲೂ ಹಳೆಯದು. ಫರಸಿ ಎಲುಬಿಗಿಂತ ಹಳೆಯದು. ಅದರ ಮೇಲೆ ನಮಗೆ ನೇರವಾಗಿ ಸಿಗುವುದು ದಖ್ಖನ್ ಲಾವಾ, ಸುಮಾರು 6.6 ಕೋಟಿ ವರ್ಷದ್ದು. ತೊಗರಿ ಬೆಳೆಯುವ ನಮ್ಮ ಎರಿ ಮಣ್ಣು ಆ ಲಾವಾ ಕಲ್ಲು ಸವೆದು ಆದದ್ದು, ಬೀದರ ಕೋಟೆಯ ಕೆಂಪು ಕಲ್ಲು ಅದೇ ಲಾವಾ ಮಳೆ ಬಿಸಿಲಿಗೆ ಕೊಳೆತು ಆದದ್ದು. ಟೆರೊಸಾರ್‌ಗಳು ಬದುಕಿದ ಸುಮಾರು 15 ಕೋಟಿ ವರ್ಷದ ಪುಟಗಳು ನಮ್ಮ ನೆಲದಲ್ಲಿ ಬಹುತೇಕ ಹರಿದುಹೋಗಿವೆ. ಕೊನೆಯ ಟೆರೊಸಾರ್‌ಗಳು ಅಳಿದದ್ದೂ ಈ ಲಾವಾ ಉಕ್ಕುತ್ತಿದ್ದ ಕಾಲದಲ್ಲೇ. ಲಾವಾ ಪದರಗಳ ನಡುವೆ ಕೆಲವು ಕಡೆ ಹಳೆಯ ಕೆರೆಗಳ ಕೆಸರು ಕಲ್ಲಾಗಿ ಸಿಗುತ್ತದೆ, ಅದರಲ್ಲಿ ಬಸವನಹುಳುವಿನ ಚಿಪ್ಪು, ಮೀನಿನ ಹಲ್ಲು ಇರುತ್ತವೆ. ಆಸೆ ಇಟ್ಟುಕೊಳ್ಳುವುದಾದರೆ ಅಲ್ಲಿ.

ಒಬ್ಬ ಹುಡುಗ ಮೊಬೈಲಿನಲ್ಲಿ ಫೋಟೋ ತೋರಿಸಿದ. ಕಲ್ಲಿನ ಮೇಲೆ ಕಪ್ಪಗೆ ಗಿಡದ ಟೊಂಗೆಯ ಗುರುತು. 'ಇದು ಪಳೆಯುಳಿಕಿ ಹೌದಲ್ರೀ?' ಅಲ್ಲಪ್ಪ. ಕಲ್ಲಿನ ಸಂದಿಗೆ ಮ್ಯಾಂಗನೀಸ್, ಕಬ್ಬಿಣ ಕರಗಿದ ನೀರು ಇಳಿದು ಒಣಗಿದಾಗ ಹೀಗೆ ಕವಲೊಡೆಯುತ್ತದೆ. ಜೋಲ್ನ್‌ಹೋಫೆನ್ ಕಲ್ಲಲ್ಲೂ ಬೇಕಾದಷ್ಟಿದೆ, ಬಹಳ ಜನ ಏಮಾರಿದ್ದಾರೆ. ಚಂದ ಇದೆ, ಇಟ್ಟುಕೋ.

ಬಿಎಸ್ಸಿ ಓದುವ ಹುಡುಗಿಯೊಬ್ಬಳ ಪ್ರಶ್ನೆ: 'ಸರ್, ದೊಡ್ಡದು ಅಂದ್ರ ಎಷ್ಟು ದೊಡ್ಡದಿತ್ತು? ಅಷ್ಟು ಭಾರ ಎತ್ಕೊಂಡು ಹೆಂಗ ಹಾರ್ತಿತ್ತು?' ಟೆರೊಡ್ಯಾಕ್ಟಿಲಸ್ ದೊಡ್ಡದಲ್ಲ ತಂಗಿ, ರೆಕ್ಕೆ ಚಾಚಿದರೆ ಒಂದು ಮೀಟರ್ ಸುಮಾರು. ದೊಡ್ಡದು ಕ್ವೆಟ್ಜಲ್‌ಕೋಟ್ಲಸ್. 1971ರಲ್ಲಿ ಡಗ್ಲಸ್ ಲಾಸನ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಟೆಕ್ಸಾಸ್‌ನ ಬಿಗ್ ಬೆಂಡ್ ಎಂಬಲ್ಲಿ ಅದರ ರೆಕ್ಕೆ ಎಲುಬು ಕಂಡ. ಚಾಚಿದರೆ 10 ಮೀಟರ್ ಸುಮಾರು, ಈ ಹಾಲ್‌ನ ಆ ಗೋಡೆಯಿಂದ ಈ ಗೋಡೆ. ಹಾರುವ ವಿಷಯಕ್ಕೆ ಬಂದರೆ, ಮೊದಲು ಎಲ್ಲರೂ ಹಕ್ಕಿಯ ಹಾಗೆ ಹಿಂಗಾಲ ಮೇಲೆ ಜಿಗಿಯುತ್ತಿತ್ತು ಅಂತ ಲೆಕ್ಕ ಹಾಕಿ, ಸಾಧ್ಯವಿಲ್ಲ ಅಂತ ತಲೆ ಕೆರೆದುಕೊಂಡರು. 2008ರಲ್ಲಿ ಮೈಕಲ್ ಹಬೀಬ್ ಬೇರೆ ಉತ್ತರ ಕೊಟ್ಟ: ಅದು ನಾಲ್ಕೂ ಕಾಲ ಮೇಲೆ ನಿಲ್ಲುತ್ತಿತ್ತು, ಜಿಗಿಯುವಾಗ ಬಲ ಹಾಕುತ್ತಿದ್ದದ್ದು ಮುಂಗೈ. ಹಾರಲು ಬೇಕಾದ ದೊಡ್ಡ ಸ್ನಾಯು ಹೇಗೂ ಅಲ್ಲೇ ಇದೆ. ನಾಲ್ಕು ಕಾಲಲ್ಲಿ ನಡೆದ ಹೆಜ್ಜೆ ಗುರುತುಗಳೂ ಸಿಕ್ಕಿವೆ. ತಮಾಷೆ ನೋಡಿ, ಅಂಥ ಹೆಜ್ಜೆಗಳನ್ನ 1957ರಲ್ಲಿ ಟೆರೊಸಾರ್‌ನದು ಅಂದರು, 1984ರಲ್ಲಿ ಅಲ್ಲ ಮೊಸಳೆಯದು ಅಂದರು, 1990ರ ದಶಕದಲ್ಲಿ ಮತ್ತೆ ಟೆರೊಸಾರ್‌ಗೆ ವಾಪಸ್ ಕೊಟ್ಟರು.

ಕೊನೆಗೆ ಒಬ್ಬ ಮೇಡಂ ಕೇಳಿದರು, ಮಕ್ಕಳಿಗೆ ಇದನ್ನೆಲ್ಲ ಎಲ್ಲಿ ತೋರಿಸುವುದು ಅಂತ. ಟೆರೊಸಾರ್ ನೋಡಬೇಕೆಂದರೆ ದೂರ ಹೋಗಬೇಕು. ಆದರೆ ಅದೇ ಕೋಟಾ ಕಲ್ಲಿನಿಂದ ಬಂದ ಡೈನೋಸಾರ್ ಅಸ್ಥಿಪಂಜರ, ಕೋಟಾಸಾರಸ್ ಅಂತ ಅದರ ಹೆಸರು, ಹೈದರಾಬಾದಿನ ಬಿರ್ಲಾ ಸೈನ್ಸ್ ಮ್ಯೂಸಿಯಂನಲ್ಲಿ ನಿಂತಿದೆ. ಕಲಬುರಗಿಯಿಂದ ಬೆಳಿಗ್ಗೆ ರೈಲು ಹತ್ತಿದರೆ ಆಯಿತು. ದವಾಖಾನೆಗೆ, ಬಟ್ಟೆ ಖರೀದಿಗೆ ಅಂತ ಹೇಗೂ ಹೈದರಾಬಾದಿಗೆ ಹೋಗುತ್ತಲೇ ಇರುತ್ತೇವೆ, ಮಕ್ಕಳನ್ನ ಕರೆದುಕೊಂಡು ಅರ್ಧ ದಿನ ಅಲ್ಲಿಗೂ ಹೋಗಿ. ಮುಂಗಾಲಿನ ಬೆರಳು ಎಣಿಸಲು ಹೇಳಿ.